ಈದ ತಾರೀಖು, ಈದ್ ತಾರೀಖು: ಆಡು ಮಾರುವವರ ಲೆಕ್ಕದ ಪುಸ್ತಕ

ಬಕ್ರೀದ್‌ಗೆ ಇನ್ನು ಎಂಟು ದಿನ. ಸಾಸ್ವಡ ಹತ್ತಿರದ ನಮ್ಮ ದೊಡ್ಡಿಗೆ ಪುಣೆಯ ಕೊಂಢ್ವಾದಿಂದ ಒಂದು ಕುಟುಂಬ ಬಂತು. ತಂದೆ, ಮಗ, ಅಳಿಯ. ಒಂದು ಕರಿ ಹೋತ ಮೂವರ ಕಣ್ಣಿಗೂ ಬಿತ್ತು. ಮಗ ಅದರ ತುಟಿ ಎತ್ತಿ ಹಲ್ಲು ನೋಡಿದ. ಎಲ್ಲವೂ ಹಾಲುಹಲ್ಲು, ವರ್ಷ ತುಂಬಿದೆಯೋ ಇಲ್ಲವೋ ಅದರಿಂದ ತಿಳಿಯದು. ಹಿರಿಯರು ಕೇಳಿದರು, ಇದು ಹುಟ್ಟಿದ್ದು ಯಾವಾಗ? "ಹೋದ ವರ್ಷ ಯುಗಾದಿ ಆಸುಪಾಸು" ಅಂದೆ. ಅವರು ನಕ್ಕರು. ಕುರ್ಬಾನಿಯ ಆಡಿಗೆ ವರ್ಷ ತುಂಬಿರಲೇಬೇಕು, "ಆಸುಪಾಸು" ಅಂದರೆ ನಮಗೆ ನಡೆಯುವುದಿಲ್ಲ ಎಂದು ಹೇಳಿ, ಚಹಾ ಕುಡಿದು ಹೊರಟುಹೋದರು.

ಆ ಹೋತಕ್ಕೆ ವರ್ಷದ ಮೇಲೆ ತಿಂಗಳು ಕಳೆದಿತ್ತು. ನನಗೆ ಗೊತ್ತಿತ್ತು, ಆಡು ನೋಡಿಕೊಳ್ಳುವ ಅಕ್ಕನಿಗೂ ಗೊತ್ತಿತ್ತು. ತೋರಿಸಲು ಒಂದು ಸಾಲಿನ ಬರಹ ಇರಲಿಲ್ಲ, ಅಷ್ಟೇ. ಕೊನೆಗೆ ಅದು ಸಂತೆಯಲ್ಲಿ ಕಣ್ಣಳತೆಯ ದರಕ್ಕೆ ಹೋಯಿತು. ಆ ವಾರವೇ ನೂರು ಪುಟದ ಒಂದು ನೋಟ್‌ಬುಕ್ ತಂದೆ. ಅದನ್ನು ಒಂದು ಆಡು ತಿಂದುಹಾಕಿತು. ಆ ಕಥೆ ಆಮೇಲೆ ಹೇಳುತ್ತೇನೆ.

ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಕೆಲಸಕ್ಕೆಂದು ಭೋಸರಿಗೆ ಬಂದೆ, ಆಮೇಲೆ ಲಾವಣಿಗೆ, ಅಂದರೆ ಗೇಣಿಗೆ, ಎರಡು ಎಕರೆ ಹಿಡಿದು ಉಸ್ಮಾನಾಬಾದಿ ತಳಿಯ ಆಡು ಕಟ್ಟಿದೆ. ನಮ್ಮ ಕಡೆಯ ಆಡು ಬೆಂಗಳೂರಿನವರಿಗೆ ಮೇಕೆ, ಇಲ್ಲಿನವರಿಗೆ ಶೇಳಿ. ಪುಣೆ ಸುತ್ತಮುತ್ತ ನನ್ನ ಹಾಗೆ ಹತ್ತೋ ಐವತ್ತೋ ಆಡು ಸಾಕುವ ಕನ್ನಡದವರು ಸಾಕಷ್ಟು ಜನ ಇದ್ದಾರೆ. ಗೋವಂಶದ ಹತ್ಯೆಗೆ ಮಹಾರಾಷ್ಟ್ರದಲ್ಲಿ 2015ರಿಂದ ಪೂರ್ತಿ ನಿಷೇಧ ಇರುವುದರಿಂದ, ಸಣ್ಣ ಹಿಡುವಳಿಯವರು ಮಾಂಸಕ್ಕೆಂದು ಸಾಕಿ ಮಾರುವ ಪ್ರಾಣಿ ಹೆಚ್ಚಾಗಿ ಆಡೇ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೊಳ್ಳುವವನ ಪ್ರಶ್ನೆ, ಆಮೇಲೆ ಪುಸ್ತಕ

ತರಬೇತಿಗಳಲ್ಲಿ ಹದಿನಾರು ಕಾಲಂನ ಮಾದರಿ ರಿಜಿಸ್ಟರ್ ಕೊಡುತ್ತಾರೆ. ಅದನ್ನು ಮೂರು ತಿಂಗಳಿಗಿಂತ ಹೆಚ್ಚು ನಡೆಸಿದವರನ್ನು ನಾನು ನೋಡಿಲ್ಲ. ತಿರುಗಿಸಿ ಯೋಚಿಸಿ. ಗೇಟಿನಲ್ಲಿ ನಿಂತವನು ಏನು ಕೇಳುತ್ತಾನೆ? ಅದಕ್ಕೆ ಉತ್ತರ ಆಗುವುದನ್ನು ಮಾತ್ರ ಬರೆಯಿರಿ.

ಗೇಟಿಗೆ ಬರುವವರು ಮೂರು ಥರ. ಕಸಾಯಿ ಏನನ್ನೂ ಕೇಳುವುದಿಲ್ಲ. ಬೆನ್ನು ಒತ್ತಿ ನೋಡುತ್ತಾನೆ, ಎಷ್ಟು ಮಾಂಸ ಬೀಳುತ್ತದೆಂದು ಮನಸ್ಸಿನಲ್ಲೇ ಎಣಿಸುತ್ತಾನೆ. ಅವನೆದುರು ನಿಮಗೆ ಬೇಕಾದದ್ದು ತೂಕ ಒಂದೇ, ಅದೂ ನೀವು ಮೋಸಹೋಗದಿರಲು. ಬಕ್ರೀದ್ ಗಿರಾಕಿ ವಯಸ್ಸು ಕೇಳುತ್ತಾನೆ, ತೂಕ ಕೇಳುತ್ತಾನೆ, ಕಿವಿ-ಕೊಂಬು-ಕಾಲಿಗೆ ಊನ ಇದೆಯೇ ನೋಡುತ್ತಾನೆ, ಇತ್ತೀಚೆಗೆ ಇಂಜೆಕ್ಷನ್ ಕೊಡಿಸಿದ್ದೀರಾ ಎಂದೂ ಕೇಳುತ್ತಾನೆ. ಮೂರನೆಯವನು ಹೊಸದಾಗಿ ಆಡು ಕಟ್ಟಲು ಹೊರಟವನು, ಅವನಿಗೆ ಹೆಣ್ಮರಿ ಬೇಕು. ಇದರ ತಾಯಿ ಎಷ್ಟು ಹಾಕುತ್ತದೆ, ಎಷ್ಟು ತಿಂಗಳಿಗೊಮ್ಮೆ ಈಯುತ್ತದೆ, ಅಪ್ಪ ಯಾವ ಹೋತ, ಪಿಪಿಆರ್ (ಆಡು-ಕುರಿಗಳ ಪ್ಲೇಗು) ಲಸಿಕೆ ಆಗಿದೆಯಾ? ಪುಸ್ತಕಕ್ಕೆ ಎಲ್ಲಕ್ಕಿಂತ ಹೆಚ್ಚು ದುಡ್ಡು ಕೊಡುವವನು ಇವನೇ. ಯಾಕೆಂದರೆ ಈ ಪ್ರಶ್ನೆಗಳ ಉತ್ತರ ಮರಿಯ ಮೈಮೇಲೆ ಎಲ್ಲೂ ಕಾಣುವುದಿಲ್ಲ.

ಗುರುತು

ಹತ್ತು ಆಡಿರುವಾಗ ಮುಖ ನೋಡಿ ಗುರುತಿಸಬಹುದು. ಉಸ್ಮಾನಾಬಾದಿಯಲ್ಲಿ ಬಹುಪಾಲು ಕಪ್ಪೇ, ಇಪ್ಪತ್ತು ದಾಟಿದ ಮೇಲೆ ಕರಿ ಆಡಿನ ಪಕ್ಕ ಕರಿ ಆಡು ನಿಂತರೆ ಸಾಕಿದವರಿಗೇ ತಬ್ಬಿಬ್ಬು. ನಂಬರ್ ಇಲ್ಲದೆ ಬರೆದದ್ದು ಯಾವ ಆಡಿಗೂ ಸೇರುವುದಿಲ್ಲ.

ನಮ್ಮಲ್ಲಿ ಹುಟ್ಟಿದ ವರ್ಷದ ಕೊನೆಯ ಎರಡು ಅಂಕಿ, ಆಮೇಲೆ ಆ ವರ್ಷ ಹುಟ್ಟಿದ ಕ್ರಮ. 2024ರಲ್ಲಿ ಹುಟ್ಟಿದ ಏಳನೇ ಮರಿ 2407. ನಂಬರ್ ನೋಡಿದರೆ ವಯಸ್ಸು ಅರ್ಧ ತಿಳಿಯಿತು. ಹುಟ್ಟಿದ ದಿನವೇ ಮರಿಯ ಕೊರಳಿಗೆ ಬಣ್ಣದ ದಾರ ಕಟ್ಟುತ್ತೇವೆ, ತಾಯಿಯ ಕೊರಳಿಗೂ ಅದೇ ಬಣ್ಣ. ಎರಡು ತಿಂಗಳ ಹೊತ್ತಿಗೆ ಕಿವಿಗೆ ನಂಬರಿನ ಬಿಲ್ಲೆ. ದಾರವನ್ನು ವಾರಕ್ಕೊಮ್ಮೆ ಸಡಿಲ ಮಾಡಬೇಕು, ಮರಿಯ ಕೊರಳು ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ.

ಬಿಲ್ಲೆಯನ್ನು ಕಿವಿಯ ರಕ್ತನಾಳಗಳ ನಡುವೆ ಜಾಗ ನೋಡಿ ಚುಚ್ಚಬೇಕು. ಮಳೆಗಾಲದಲ್ಲಿ ಬೇಡ, ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ. ಚುಚ್ಚುವ ಮೊದಲೂ ನಂತರವೂ ಅಯೋಡಿನ್ ಹಚ್ಚಿ. ಬಿಲ್ಲೆ ಕಿತ್ತು ಕಿವಿ ಹರಿದರೆ ಬಕ್ರೀದ್ ಗಿರಾಕಿ ಆ ಹೋತವನ್ನು ಮುಟ್ಟುವುದಿಲ್ಲ. ಕಿವಿಯ ಬಹುಭಾಗ ಹರಿದ, ಕೊಂಬು ಬುಡದಿಂದ ಮುರಿದ, ಕುಂಟುವ ಪ್ರಾಣಿ ಕುರ್ಬಾನಿಗೆ ಆಗದು. ಆದ್ದರಿಂದ ತಂತಿಬೇಲಿಯ ಹತ್ತಿರ ಮೇಯುವ ಗಂಡುಮರಿಗಳ ಬಿಲ್ಲೆಯನ್ನು ಆಗಾಗ ನೋಡುತ್ತಿರಿ.

ಸರ್ಕಾರದ ಬಿಲ್ಲೆ ಬೇರೆ. ಅದರ ಮೇಲೆ 12 ಅಂಕಿಯ ಸಂಖ್ಯೆ ಇರುತ್ತದೆ, ಪಶುಸಂಗೋಪನೆ ಇಲಾಖೆಯವರು ಹಾಕಿ 'ಭಾರತ್ ಪಶುಧನ್' ವ್ಯವಸ್ಥೆಯಲ್ಲಿ ದಾಖಲಿಸುತ್ತಾರೆ. ಮಹಾರಾಷ್ಟ್ರದಲ್ಲಿ 2024ರ ಜೂನ್ 1ರಿಂದ ಕಿವಿಬಿಲ್ಲೆ ಇಲ್ಲದ ಜಾನುವಾರುಗಳ ಮಾರಾಟ-ಸಾಗಣೆಗೆ ಅಡ್ಡಿ ಇದೆ. ತಾಲೂಕಿನ ಪಶು ದವಾಖಾನೆಗೆ ಹೋಗಿ ಹಾಕಿಸಿಕೊಳ್ಳಿ. ನಿಮ್ಮ ನಂಬರಿನ ಮುಂದೆ ಆ 12 ಅಂಕಿಯನ್ನೂ ಬರೆಯಿರಿ. ವಿಮೆಗೂ ಅದೇ ಬೇಕು, ಲಸಿಕೆಯ ದಾಖಲೆಗೂ ಅದೇ ಬೇಕು.

ಈದ ದಿನ

ಎಲ್ಲ ದಾಖಲೆಗಳ ಬೇರು ಇದು. ಇಪ್ಪತ್ನಾಲ್ಕು ತಾಸಿನೊಳಗೆ ಬರೆಯದಿದ್ದರೆ ಅದು "ಆಸುಪಾಸು" ಆಗುತ್ತದೆ.

ಆದರೆ ಬರೆಯುವವರು ಯಾರು? ನಾನು ವಾರದಲ್ಲಿ ಐದು ದಿನ ಕಂಪನಿಯಲ್ಲಿರುತ್ತೇನೆ. ದೊಡ್ಡಿಯಲ್ಲಿರುವವರು ಯಾದಗಿರಿ ಕಡೆಯ ಗಂಡ-ಹೆಂಡತಿ, ಪುಣೆಗೆ ಕಟ್ಟಡ ಕೆಲಸಕ್ಕೆ ಬಂದವರು. ಅಕ್ಕನಿಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಮೊದಲು ನಾನು ಕೊಟ್ಟ ರಿಜಿಸ್ಟರ್ ತಿಂಗಳುಗಟ್ಟಲೆ ಖಾಲಿ ಬಿದ್ದಿತ್ತು, ನಾನು ಅವರ ಮೇಲೆ ರೇಗಿದೆ. ತಪ್ಪು ನನ್ನದೇ. ಒಂದು ದಿನ ನೋಡಿದರೆ ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲಿ ಅವರೇ ಗುರುತು ಹಾಕಿಟ್ಟಿದ್ದರು, ಹಾಲಿನವನ ಲೆಕ್ಕಕ್ಕೆ ಹಾಕುವ ಹಾಗೆ. ಆವತ್ತಿನಿಂದ ನಮ್ಮ ಜನನದ ರಿಜಿಸ್ಟರ್ ಅದೇ ಕ್ಯಾಲೆಂಡರ್. ಆಡು ಈದ ದಿನದ ಮನೆಯಲ್ಲಿ ತಾಯಿಯ ನಂಬರ್, ಗಂಡುಮರಿಗೆ ಒಂದು ಗೆರೆ, ಹೆಣ್ಮರಿಗೆ ಒಂದು ಚುಕ್ಕೆ, ಸತ್ತರೆ ಅದರ ಮೇಲೆ ಕಾಟು. ಫೋನೂ ಬರುತ್ತದೆ: "ಅಣ್ಣಾರ, ಏಳನೇ ನಂಬರಿಂದು ರಾತ್ರಿ ಎರಡ ಮರಿ ಹಾಕ್ಯದ್ರಿ, ಒಂದ ಗಂಡು ಒಂದ ಹೆಣ್ಣು." ರವಿವಾರ ನಾನು ಕ್ಯಾಲೆಂಡರ್ ನೋಡಿ ಪುಸ್ತಕಕ್ಕೆ ಇಳಿಸುತ್ತೇನೆ. ವರ್ಷ ಮುಗಿದರೂ ಕ್ಯಾಲೆಂಡರ್ ಬಿಸಾಡುವುದಿಲ್ಲ. ಗಿರಾಕಿಗೆ ಪುಸ್ತಕಕ್ಕಿಂತ ಅದರ ಮೇಲೇ ಹೆಚ್ಚು ನಂಬಿಕೆ ಎಂದು ಆಮೇಲೆ ಗೊತ್ತಾಯಿತು. ಪುಸ್ತಕವನ್ನು ಒಂದೇ ರಾತ್ರಿ ಕೂತು ಬರೆಯಬಹುದು, ಮಾಸಿದ, ನೊಣ ಕೂತ ಕ್ಯಾಲೆಂಡರನ್ನು ಹಾಗೆ ಹುಟ್ಟಿಸಲು ಆಗುವುದಿಲ್ಲ.

ಪುಸ್ತಕದಲ್ಲಿ ಮರಿಗೊಂದು ಸಾಲು: ನಂಬರ್, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ಒಂಟಿಯೋ ಅವಳಿಯೋ, ತಾಯಿ, ತಂದೆ, ಹುಟ್ಟುತೂಕ, ಮೈಬಣ್ಣ. ಬಣ್ಣದ ಕಾಲಂನಲ್ಲಿ 'ಕಪ್ಪು' ಎಂದಷ್ಟೇ ಬರೆಯಬೇಡಿ. 'ಕಪ್ಪು, ಎಡಗಿವಿಯ ತುದಿ ಬಿಳಿ' ಎಂದು ಬರೆದರೆ ಬಿಲ್ಲೆ ಕಳಚಿದ ದಿನ ಉಪಯೋಗಕ್ಕೆ ಬರುತ್ತದೆ.

ತಾಯಿಯ ಪುಟ

ಪ್ರತಿ ಹೆಣ್ಣಾಡಿಗೂ ಒಂದು ಪೂರ್ತಿ ಪುಟ ಬಿಡಿ. ಬೆದೆಗೆ ಬಂದ ದಿನ, ಹೋತ ಹಾರಿದ ದಿನ, ಯಾವ ಹೋತ, ಈದ ದಿನ, ಎಷ್ಟು ಮರಿ, ಮೂರು ತಿಂಗಳಿಗೆ ಎಷ್ಟು ಉಳಿದವು. ಹೋತ ಹಾರಿದ ತಾರೀಖಿಗೆ 150 ದಿನ ಕೂಡಿಸಿ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಡಿ. ಐದು ದಿನ ಹಿಂದೆ ಮುಂದೆ ಆಗಬಹುದು. ಆ ವಾರ ಆ ಆಡನ್ನು ದೂರ ಮೇಯಲು ಬಿಡಬೇಡಿ.

ಈ ಪುಟ ಏನು ಮಾಡುತ್ತದೆ ಎನ್ನುವುದಕ್ಕೆ ನಮ್ಮ ದೊಡ್ಡಿಯ ಎರಡು ಆಡುಗಳೇ ಸಾಕು. ಹನ್ನೆರಡನೇ ನಂಬರು ಎತ್ತರ, ಮೈತುಂಬಿದ ಆಡು, ಬಂದವರೆಲ್ಲ ಮೊದಲು ಅದನ್ನೇ ತೋರಿಸಿ ದರ ಕೇಳುತ್ತಾರೆ. ಎರಡು ವರ್ಷದಲ್ಲಿ ಎರಡು ಸೂಲು, ಸೂಲಿಗೆ ಒಂದೊಂದೇ ಮರಿ. ಏಳನೆಯದು ಸಣಕಲು, ಮೂಳೆ ಕಾಣುತ್ತದೆ. ಅದೇ ಎರಡು ವರ್ಷದಲ್ಲಿ ಮೂರು ಸೂಲು: ಒಂದು, ಎರಡು, ಎರಡು. ಐದರಲ್ಲಿ ನಾಲ್ಕು ಬದುಕಿವೆ. ಪುಸ್ತಕ ಇಲ್ಲದಿದ್ದರೆ ನಾನು ಹನ್ನೆರಡರ ಹೆಣ್ಮರಿಯನ್ನು ಇಟ್ಟುಕೊಂಡು ಏಳರದ್ದನ್ನು ಸಂತೆಗೆ ಹೊಡೆದು ಮಾರುತ್ತಿದ್ದೆ. ಹಾಗೆ ಎಷ್ಟು ಒಳ್ಳೆಯ ತಳಿ ಎಷ್ಟು ದೊಡ್ಡಿಗಳಿಂದ ಹೋಗಿದೆಯೋ. ದಣಿದ ತಾಯಿ ಬಡಕಲಾಗಿ ಕಾಣುತ್ತದೆ, ಹೆಚ್ಚು ಮರಿಗೆ ಹಾಲು ಕೊಟ್ಟದ್ದೇ ಅದರ ತಪ್ಪು.

ಪುಣೆಯಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದ ಫಲಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಇದೆ. ಒಂದೊಂದೇ ಮರಿ ಹಾಕುವ ದಖನಿ ಕುರಿಗೆ ಬಂಗಾಳದ ಗರೋಲ್ ಕುರಿಯ ಅವಳಿ ಹಾಕುವ ಗುಣ ಸೇರಿಸಿ 'ನಾರಿ ಸುವರ್ಣ' ತಳಿ ಮಾಡಿದವರು ಅವರು. ಯಾವ ಕುರಿ ಯಾವಾಗ ಎಷ್ಟು ಹಾಕಿತು, ಅದರ ಮಗಳು ಎಷ್ಟು ಹಾಕಿತು ಎಂದು ತಲೆಮಾರುಗಟ್ಟಲೆ ಬರೆದಿಡದೆ ಅಂಥ ಕೆಲಸ ಆಗುವುದಿಲ್ಲ. ನಮ್ಮದು ನಲವತ್ತು ಆಡಿನ ದೊಡ್ಡಿಯಾದರೂ ಲೆಕ್ಕದ ರೀತಿ ಅದೇ.

ತಂದೆಯ ಕಾಲಂ ಬಿಟ್ಟುಬಿಡುವವರು ಬಹಳ. ಹೆಣ್ಮರಿಗಳು ಏಳೆಂಟು ತಿಂಗಳಿಗೇ ಬೆದೆಗೆ ಬರುತ್ತವೆ, ಅದೇ ಹೋತ ಒಳಗಿದ್ದರೆ ತಂದೆಯೇ ಮಗಳ ಮೇಲೆ ಹಾರುತ್ತದೆ. ಒಂದೆರಡು ತಲೆಮಾರಿನಲ್ಲಿ ಮರಿ ಸಣ್ಣ, ಸಾವು ಹೆಚ್ಚು. ಎರಡು ವರ್ಷಕ್ಕೊಮ್ಮೆ ಹೋತ ಬದಲಿಸಿ, ಬದಲಿಸಿದ ತಾರೀಖು ಬರೆಯಿರಿ. ತಳಿಗೆಂದು ಕೊಳ್ಳುವ ತಿಳಿದವನು ಕೇಳುವ ಮೊದಲ ಪ್ರಶ್ನೆ ಇದೇ.

ತೂಕ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಎಲ್ಲರೂ ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ.

ಸಂತೆಯಲ್ಲಿ ವ್ಯಾಪಾರ ಕಣ್ಣಳತೆಯದು. ದನದ ಸಾಲಿನಲ್ಲಾದರೆ ದಲಾಲಿ ರುಮಾಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾನೆ, ಪಕ್ಕದಲ್ಲಿ ನಿಂತ ಮಾಲೀಕನಿಗೇ ಗೊತ್ತಾಗುವುದಿಲ್ಲ. ಆಡಿನ ಸಾಲಿನಲ್ಲಿ ವ್ಯಾಪಾರಿ ಹಿಂಗಾಲು ಎತ್ತಿ ನೋಡಿ "ಇಪ್ಪತ್ತೇಳು" ಅನ್ನುತ್ತಾನೆ. ಅವನ ಕಣ್ಣು ದಿನಕ್ಕೆ ನೂರು ಆಡು ತೂಗಿದ ಕಣ್ಣು, ನಿಮ್ಮದು ವರ್ಷಕ್ಕೆ ಹತ್ತು. ಕೆಜಿಗೆ 450 ರೂ. ಎಂದಿಟ್ಟುಕೊಳ್ಳಿ. ಮೂರು ಕೆಜಿ ಕಡಿಮೆ ಹೇಳಿದರೆ ಒಂದೇ ಹೋತದಲ್ಲಿ 1,350 ರೂ. ಹೋಯಿತು. ಒಂದು ತೂಗುಕಾಟಾದ ಬೆಲೆ ಇಂಥ ಒಂದೆರಡು ಹೋತಗಳಲ್ಲೇ ಹೊರಡುತ್ತದೆ.

ಮರಿಗೆ ಕೊಕ್ಕೆಯ ಕಾಟಾ ಸಾಕು, ಮರಿಯನ್ನು ಗೋಣಿಚೀಲದಲ್ಲಿ ಕೂರಿಸಿ ನೇತುಹಾಕಿ, ಚೀಲದ ತೂಕ ಕಳೆಯಿರಿ. ದೊಡ್ಡದಕ್ಕೆ ನೆಲದ ಕಾಟಾ ಬೇಕು. ಅದಿಲ್ಲದವರು ದರ್ಜಿಯ ಟೇಪು ತನ್ನಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ಅಳೆಯಿರಿ. ಭುಜದ ಮೂಳೆಯ ತುದಿಯಿಂದ ಹಿಂದಿನ ಪೃಷ್ಠದ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಸುತ್ತಳತೆ 70, ಉದ್ದ 66 ಇದ್ದರೆ 29.8 ಕೆಜಿ ಬರುತ್ತದೆ. ಆಡು ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಂತಿರಬೇಕು, ಟೇಪು ಬಿಗಿಯೂ ಆಗಬಾರದು, ಜೋತೂ ಬೀಳಬಾರದು. ಗಬ್ಬದ ಆಡಿಗೆ ಈ ಲೆಕ್ಕ ಹೊಂದುವುದಿಲ್ಲ. ಟೇಪಿನ ತೂಕವನ್ನು ಬರೆಯುವಾಗ ಪಕ್ಕದಲ್ಲಿ 'ಟೇ' ಎಂದು ಗುರುತು ಹಾಕಿ. ಕಾಟಾದ ತೂಕದ ಜೊತೆ ಬೆರೆಸಬೇಡಿ.

ಹುಟ್ಟಿದ ದಿನ, ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರಕ್ಕೆ, ಆಮೇಲೆ ತಿಂಗಳಿಗೊಮ್ಮೆ ತೂಗಿ. ಯಾವಾಗಲೂ ಬೆಳಗ್ಗೆ, ಮೇವು-ನೀರು ಕೊಡುವ ಮೊದಲು. ಹುಟ್ಟಿದಾಗ 2.4 ಕೆಜಿ ಇದ್ದ ಮರಿ 90ನೇ ದಿನ 9.6 ಇದ್ದರೆ 7.2 ಕೆಜಿ ಬೆಳೆಯಿತು, ದಿನಕ್ಕೆ 80 ಗ್ರಾಂ. ಅವಳಿ ಮರಿ 60 ಗ್ರಾಂ ಬೆಳೆದಿದ್ದರೆ ಅದನ್ನು ಬಯ್ಯಬೇಡಿ, ತಾಯಿಯ ಹಾಲು ಇಬ್ಬರಿಗೆ ಹಂಚಿದೆ. ಅದಕ್ಕೇ ಒಂಟಿ-ಅವಳಿ ಕಾಲಂ ಹುಟ್ಟಿದ ದಿನವೇ ತುಂಬಿರಬೇಕು ಅಂದದ್ದು.

ಹಬ್ಬದ ಹೊತ್ತಿಗೆ ಕೆಲವು ವ್ಯಾಪಾರಿಗಳು ಆಡಿಗೆ ಉಪ್ಪು ತಿನ್ನಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ಕಾಟಾಕ್ಕೆ ಹತ್ತಿಸುತ್ತಾರೆ. ಗಿರಾಕಿಗಳಿಗೂ ಇದು ಗೊತ್ತು, ಆದ್ದರಿಂದ ನೀವು ಎದುರಿಗೇ ತೂಗಿದರೂ ನಂಬುವುದಿಲ್ಲ. ತಿಂಗಳ ತಿಂಗಳ ತೂಕ ಬರೆದ ಸಾಲು ಆಗ ಮಾತಾಡುತ್ತದೆ: ಹೋದ ತಿಂಗಳು 28.1, ಅದರ ಹಿಂದೆ 26.2, ಇವತ್ತು 30. ನಿನ್ನೆ ರಾತ್ರಿ ಕುಡಿಸಿದ ನೀರು ಮೂರು ತಿಂಗಳ ಸಾಲಿನಲ್ಲಿ ಬರಲು ಹೇಗೆ ಸಾಧ್ಯ?

ಪುಣೆಯಲ್ಲೇ ಮುಖ್ಯ ಕಚೇರಿ ಇರುವ ರಾಜ್ಯದ ಕುರಿ-ಆಡು ಅಭಿವೃದ್ಧಿ ಮಹಾಮಂಡಳವೂ ತಳಿ ಆಡುಗಳನ್ನು ಜೀವಂತ ತೂಕದ ಮೇಲೆಯೇ ಮಾರುತ್ತದೆ. ಕಣ್ಣಳತೆ ಬಿಡಲು ಒಪ್ಪದ ಗಿರಾಕಿಗೆ ಈ ಮಾತು ಹೇಳಿ ನೋಡಿ.

ಲಸಿಕೆ, ಮದ್ದು

ಪಿಪಿಆರ್ ಮೂರು ತಿಂಗಳು ದಾಟಿದ ಮರಿಗೆ ಒಮ್ಮೆ ಹಾಕಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ಮರಿಗಳನ್ನು ಒಂದೇ ರಾತ್ರಿಯಲ್ಲಿ ಕೆಡವುವ ಕರುಳುಬೇನೆಗೆ ಪ್ರತಿ ವರ್ಷ ಮಳೆಗೆ ಮೊದಲು ಲಸಿಕೆ ಬೇಕು, ಮೊದಲ ಸಲವಾದರೆ ಎರಡು-ಮೂರು ವಾರ ಬಿಟ್ಟು ಇನ್ನೊಂದು ಡೋಸ್. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ. ನಿಮ್ಮ ಕಡೆಯ ವೇಳಾಪಟ್ಟಿಯನ್ನು ಪಶುವೈದ್ಯರ ಹತ್ತಿರ ಕೇಳಿ ಪುಸ್ತಕದ ರಟ್ಟಿನ ಒಳಗೆ ಅಂಟಿಸಿ. ಲಸಿಕೆ ಹಾಕಿದ ದಿನ ಸೀಸೆಯ ಚೀಟಿಯ ಫೋಟೊ ತೆಗೆಯಿರಿ, ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ. "ಲಸಿಕೆ ಆಗಿದೆ" ಎಂದು ಎಲ್ಲರೂ ಹೇಳುತ್ತಾರೆ. ಬ್ಯಾಚ್ ನಂಬರ್ ಹೇಳುವವನು ಅಪರೂಪ.

ಜಂತಿನ ಮದ್ದನ್ನು ತೂಕ ನೋಡಿ ಕೊಡಬೇಕು, ಕಡಿಮೆ ಕೊಟ್ಟರೆ ಹುಳ ಸಾಯದೆ ಮದ್ದಿಗೇ ಒಗ್ಗಿಕೊಳ್ಳುತ್ತದೆ. ಯಾವ ಮದ್ದು ಕೊಟ್ಟಿರಿ ಎಂದು ಬರೆದಿದ್ದರೆ ಪ್ರತಿ ಸಲ ಅದನ್ನೇ ಕೊಡುವುದು ತಪ್ಪುತ್ತದೆ. ಆಲ್ಬೆಂಡಜೋಲನ್ನು ಹೊಸದಾಗಿ ಗಬ್ಬಾದ ಆಡಿಗೆ ಕೊಡಬಾರದು, ತಾಯಿಯ ಪುಟ ಸರಿಯಾಗಿದ್ದರೆ ಯಾವುದು ಗಬ್ಬ ಎಂದು ಅದೇ ಹೇಳುತ್ತದೆ.

ಮಾಂಸಕ್ಕೆ ಹೋಗುವ ಪ್ರಾಣಿಗೆ ಇನ್ನೊಂದು ತಾರೀಖು ಮುಖ್ಯ. ಆ್ಯಂಟಿಬಯೋಟಿಕ್ ಆಗಲಿ ಜಂತಿನ ಮದ್ದಾಗಲಿ, ಕೊಟ್ಟ ಮೇಲೆ ಮಾಂಸಕ್ಕೆ ಎಷ್ಟು ದಿನ ಬಳಸಬಾರದು ಎಂದು ಡಬ್ಬಿಯ ಮೇಲೆ ಇರುತ್ತದೆ, ಇಲ್ಲದಿದ್ದರೆ ವೈದ್ಯರನ್ನು ಕೇಳಿ. ಕೊಟ್ಟ ದಿನದ ಪಕ್ಕದಲ್ಲೇ 'ಇಂಥ ತಾರೀಖಿನವರೆಗೆ ಮಾರಬೇಡ' ಎಂದು ಕೆಂಪಿನಲ್ಲಿ ಬರೆಯಿರಿ. ನಾವು ಆ ಹೋತದ ಕೊರಳಿಗೂ ಕೆಂಪು ದಾರ ಕಟ್ಟುತ್ತೇವೆ. ನಾನಿಲ್ಲದಾಗ ಯಾರಾದರೂ ಬಂದು ದುಡ್ಡು ಎಣಿಸಿ ಕೊಟ್ಟರೂ ಅಕ್ಕ ಕೆಂಪು ದಾರದ್ದನ್ನು ಬಿಡಿಸಿ ಕೊಡುವುದಿಲ್ಲ.

ಹಬ್ಬದಿಂದ ಹಿಂದಕ್ಕೆ ಎಣಿಸಿ

ಹುಟ್ಟಿದ ತಾರೀಖುಗಳು ಒಂದೆರಡು ವರ್ಷ ಸೇರಿದ ಮೇಲೆ ಪುಸ್ತಕ ಮುಂದಿನದನ್ನೂ ಹೇಳತೊಡಗುತ್ತದೆ. ಬಕ್ರೀದ್ ಚಾಂದ್ರಮಾನದ ಹಬ್ಬ, ನಮ್ಮ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ನಮ್ಮ ಯುಗಾದಿಯ ಹಾಗೆ ಅಧಿಕಮಾಸ ಸೇರಿಸಿ ಸರಿಮಾಡಿಕೊಳ್ಳುವ ಪದ್ಧತಿ ಅದರಲ್ಲಿಲ್ಲ. ಹೋತ ಬಿಡುವ ಕಾಲವನ್ನು ನಾವೇ ಪ್ರತಿ ವರ್ಷ ಅಷ್ಟು ಹಿಂದಕ್ಕೆ ತರಬೇಕು.

ಆಡಿಗೆ ಮೊದಲ ಜೋಡಿ ದೊಡ್ಡ ಹಲ್ಲು ಸಾಮಾನ್ಯವಾಗಿ 13ರಿಂದ 15 ತಿಂಗಳಿಗೆ ಬರುತ್ತದೆ. ಗಿರಾಕಿಗೆ 'ಎರಡು ಹಲ್ಲು' ಕಂಡರೆ ಮಾತೇ ಬೇಡ. ಆದ್ದರಿಂದ ನಾನು 14 ತಿಂಗಳ ಲೆಕ್ಕ ಹಿಡಿಯುತ್ತೇನೆ. 2025ರ ಜೂನ್ 7ರ ಹಬ್ಬಕ್ಕೆ 14 ತಿಂಗಳು ಹಿಂದೆ, ಅಂದರೆ 2024ರ ಏಪ್ರಿಲ್ 7ರೊಳಗೆ ಮರಿ ಹುಟ್ಟಿರಬೇಕು. ಅದಕ್ಕೆ 150 ದಿನ ಹಿಂದೆ, 2023ರ ನವೆಂಬರ್ 9ರೊಳಗೆ ಹೋತ ಹಾರಿರಬೇಕು. ಹಬ್ಬ ನಿಮ್ಮ ಮನೆ ಬಾಗಿಲಿಗೆ ಬರುವ 19 ತಿಂಗಳ ಮೊದಲೇ ವ್ಯಾಪಾರ ಶುರುವಾಗಿರುತ್ತದೆ. ಮುಂಬೈಯ ದೇವನಾರದ ಬಕ್ರೀದ್ ಸಂತೆಗೆ ರಾಜಸ್ಥಾನ, ಉತ್ತರ ಪ್ರದೇಶದಿಂದ ಲಾರಿಗಟ್ಟಲೆ ಆಡು ಬರುತ್ತವೆ. ಅವುಗಳ ಗಾತ್ರದ ಜೊತೆ ನಮ್ಮ ಉಸ್ಮಾನಾಬಾದಿ ಪೈಪೋಟಿ ಮಾಡುವುದು ಕಷ್ಟ. ನಾವು ಗೆಲ್ಲಬಹುದಾದದ್ದು ಮನೆಯ ಹತ್ತಿರ, ತಾರೀಖು ತೋರಿಸಿ, ತೂಗಿ ಕೊಡುವ ವ್ಯಾಪಾರದಲ್ಲಿ.

ಬೀಜ ಒಡೆಸಿದ್ದರೆ ಆ ತಾರೀಖನ್ನೂ ಬರೆಯಿರಿ. ಕೆಲವರಿಗೆ ಖಸ್ಸಿಯೇ ಬೇಕು, ಕೆಲವರಿಗೆ ಬೇಡ, ಎರಡೂ ಕುರ್ಬಾನಿಗೆ ಆಗುತ್ತವೆ.

ಖರ್ಚು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇವು, ಹಿಂಡಿ, ಮದ್ದು, ಕೂಲಿ, ವಾಹನ, ತಿಂಗಳಿಗೊಂದು ಪುಟ ಸಾಕು. ಹೊಲದಲ್ಲೇ ಬೆಳೆದ ಮೆಂತ್ಯದಹುಲ್ಲಿಗೂ (ಕುದುರೆಮೆಂತೆ) ಹೊರಗಿನ ದರ ಹಾಕಿ ಬರೆಯಿರಿ, ಇಲ್ಲದಿದ್ದರೆ ಲಾಭ ಸುಮ್ಮನೆ ಉಬ್ಬಿ ಕಾಣುತ್ತದೆ. ಒಂದು ತಪ್ಪು ತಿಳಿವಳಿಕೆ ಮಾತ್ರ ಹೇಳಬೇಕು: ಆಡು ಮಾರಿದ ದುಡ್ಡು ಆದಾಯ ತೆರಿಗೆಯ ಲೆಕ್ಕದಲ್ಲಿ ಕೃಷಿ ಆದಾಯ ಅಲ್ಲ. ನನ್ನ ಹಾಗೆ ಸಂಬಳದ ಜೊತೆ ಆಡು ಸಾಕುವವರು ಮಾರಾಟದ ಜೊತೆ ಖರ್ಚಿನ ರಸೀದಿಗಳನ್ನೂ ಇಟ್ಟುಕೊಂಡು ಲೆಕ್ಕಪರಿಶೋಧಕರ ಹತ್ತಿರ ಹೋಗಬೇಕು.

ಮಾರುವ ದಿನ

ಪೂರ್ತಿ ಪುಸ್ತಕವನ್ನು ಗಿರಾಕಿಯ ಕೈಗೆ ಕೊಡಬೇಡಿ. ಬೇರೆ ಆಡುಗಳ ವಿಷಯ, ಬೇರೆಯವರಿಗೆ ಕೊಟ್ಟ ದರ ಎಲ್ಲ ಅದರಲ್ಲಿರುತ್ತದೆ. ಪ್ರತಿ ಆಡಿಗೂ ಅಂಗೈಯಗಲದ ಒಂದು ಚೀಟಿ ಮಾಡಿ: ನಂಬರ್, ಹುಟ್ಟಿದ ತಾರೀಖು, ತಾಯಿ-ತಂದೆ, ಲಸಿಕೆಯ ತಾರೀಖು, ಕೊನೆಯ ಮೂರು ತೂಕ, ಕೊನೆಯ ಮದ್ದು. ಮುಂಗಡ ಕೇಳುವವರಿಗೆ ವಾಟ್ಸಾಪ್‌ನಲ್ಲಿ ಇದನ್ನೇ ಕಳಿಸಿ, ಜೊತೆಗೆ ಎರಡೂ ಬದಿಯ ಫೋಟೊ. ಇಲ್ಲಿನ ಗಿರಾಕಿಗಾಗಿ ನಮ್ಮ ಚೀಟಿ ಮರಾಠಿಯಲ್ಲಿ, ದೊಡ್ಡಿಯ ಒಳಗಿನದೆಲ್ಲ ಕನ್ನಡದಲ್ಲಿ, ಅಂಕಿ ಮಾತ್ರ ಎಲ್ಲರಿಗೂ ಒಂದೇ. ವಾಹನದಲ್ಲಿ ದೂರ ಕಳಿಸುವುದಾದರೆ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು, ಅವರೂ ಕೇಳುವುದು ಇದೇ ವಿವರ.

ಸತ್ತದ್ದನ್ನೂ ಬರೆಯಿರಿ, ತೋರಿಸಿರಿ. ಮೊದಲ ವರ್ಷ ನಾನು ಸತ್ತ ಮರಿಗಳ ಸಾಲು ಹೊಡೆದುಹಾಕಿದ್ದೆ, ನೋಡಿದವರು ಏನಂದುಕೊಳ್ಳುತ್ತಾರೋ ಎಂದು. ತಳಿಗೆ ಆಡು ಕೇಳಲು ಬಂದ ಸೊಲ್ಲಾಪುರದ ಹಿರಿಯರೊಬ್ಬರು, ಕನ್ನಡದವರೇ, ಪುಟ ತಿರುವಿ ಹಾಕಿ ಕೇಳಿದರು: "ಏನ್ ತಮ್ಮಾ, ಸಾವಿಲ್ಲದ ಮನಿ ಸಾಸಿವಿ ನಿನ್ನ ದೊಡ್ಡ್ಯಾಗ ಸಿಗ್ತೈತೇನು?" ಆವತ್ತು ಮೈಯೆಲ್ಲ ಹಿಡಿಯಷ್ಟಾಯಿತು. ಈಗ ಸತ್ತ ತಾರೀಖು, ಕಾರಣ ಗೊತ್ತಿದ್ದರೆ ಕಾರಣ, ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯುತ್ತೇನೆ. ಚಳಿಗಾಲದ ಅವಳಿ ಮರಿಗಳೇ ಹೆಚ್ಚು ಸಾಯುತ್ತಿವೆ ಎಂದು ಆ ಸಾಲುಗಳಿಂದಲೇ ತಿಳಿದದ್ದು, ಆಮೇಲೆ ಪಡಸಾಲೆಗೆ ಗೋಣಿತಟ್ಟು ಕಟ್ಟಿಸಿದೆ.

ಕೊಂಢ್ವಾದ ಆ ಕುಟುಂಬ ಎರಡು ವರ್ಷ ಬಿಟ್ಟು ಮತ್ತೆ ಬಂತು. ಕ್ಯಾಲೆಂಡರಿನ ಮನೆ ತೋರಿಸಿದೆ, ಚೀಟಿ ತೋರಿಸಿದೆ. ಹಿರಿಯರು ಎರಡನ್ನೂ ಕನ್ನಡಕ ಏರಿಸಿ ಓದಿದರು, ಸರಿ ಅಂದರು. ಆಮೇಲೆ ಮಗ ಹೋತದ ತುಟಿ ಎತ್ತಿ ಹಲ್ಲನ್ನೂ ನೋಡಿಯೇ ನೋಡಿದ.

ಪುಸ್ತಕ ಎಲ್ಲಿಡಬೇಕು, ಇವತ್ತೇ ಶುರು ಮಾಡುವುದು ಹೇಗೆ

ಆಡಿನ ಬಾಯಿಗೆ ಎಟುಕದ ಎತ್ತರದಲ್ಲಿ ಇಡಬೇಕು. ನನ್ನ ಮೊದಲ ಪುಸ್ತಕವನ್ನು ಗೋಡೆಯ ಗೂಡಿನಲ್ಲಿ ಇಟ್ಟು ನೀರು ಬಿಡಲು ಹೋಗಿದ್ದೆ. ಮರಳಿ ಬರುವಷ್ಟರಲ್ಲಿ ಇದೇ ಏಳನೇ ನಂಬರು ಅರ್ಧ ಪುಸ್ತಕ ಮುಗಿಸಿ ಮೆಲುಕು ಹಾಕುತ್ತಿತ್ತು. ತನ್ನ ಪುಟವನ್ನೂ ಬಿಟ್ಟಿರಲಿಲ್ಲ. ಈಗ ರಟ್ಟಿನ ಪುಸ್ತಕ ತಗಡಿನ ಪೆಟ್ಟಿಗೆಯಲ್ಲಿರುತ್ತದೆ, ಬಾಲ್‌ಪೆನ್ನಿನಿಂದ ಬರೆಯುತ್ತೇವೆ, ಇಂಕಿನದಾದರೆ ಒಂದು ಮಳೆಗೆ ಹರಿದುಹೋಗುತ್ತದೆ. ಪ್ರತಿ ರವಿವಾರ ಆ ವಾರದ ಪುಟಗಳ ಫೋಟೊ ತೆಗೆದು ಮನೆಯವರಿಗೆ ಕಳಿಸುತ್ತೇನೆ. ಮೊಬೈಲ್ ಆ್ಯಪ್‌ಗಳೂ ಇವೆ, ಬಳಸಬಲ್ಲವರು ಬಳಸಲಿ. ನಮ್ಮ ದೊಡ್ಡಿಯಲ್ಲಿ ಸಿಗ್ನಲ್ ಬೇವಿನಮರದ ಕೆಳಗೆ ಮಾತ್ರ ಸಿಗುತ್ತದೆ.

ಈಗಾಗಲೇ ಇರುವ, ತಾರೀಖು ಗೊತ್ತಿಲ್ಲದ ಆಡುಗಳಿಗೆ ಏನು ಮಾಡುವುದು? ಹಲ್ಲು ನೋಡಿ. ಎಲ್ಲ ಹಾಲುಹಲ್ಲಾದರೆ ಸುಮಾರು ವರ್ಷದ ಒಳಗೆ ಅಥವಾ ವರ್ಷದ ಆಚೀಚೆ, ಎರಡು ದೊಡ್ಡ ಹಲ್ಲಾದರೆ ವರ್ಷ ದಾಟಿದೆ, ನಾಲ್ಕಾದರೆ ಎರಡು ವರ್ಷದ ಹತ್ತಿರ, ಆರಾದರೆ ಮೂರರ ಹತ್ತಿರ, ಎಂಟೂ ಬಂದಿದ್ದರೆ ನಾಲ್ಕು ಅಥವಾ ಹೆಚ್ಚು. ಹಾಗೆ ಬರೆದ ವಯಸ್ಸಿನ ಮುಂದೆ 'ಅಂ' ಎಂದು ಹಾಕಿ, ಅಂದಾಜು ಎಂದು ಗಿರಾಕಿಗೂ ಹೇಳಿ. ಇಂಥವಕ್ಕೆ ನಂಬರನ್ನು 1ರಿಂದ ಕೊಡಿ, ಹಾಗಾಗಿಯೇ ನಮ್ಮ ಹಳೆಯ ಆಡುಗಳು ಬರೀ ಏಳು, ಹನ್ನೆರಡು. ವರ್ಷದ ಅಂಕಿ ಇರುವ ನಂಬರು ನಿಮ್ಮ ಕಣ್ಣೆದುರೇ ಹುಟ್ಟುವ ಮುಂದಿನ ಮರಿಯಿಂದ ಶುರುವಾಗಲಿ.